ಈ ಊರಿನವಳಲ್ಲದ ಹೆಂಗಸು

ನನ್ನ ಹೆಂಡತಿಯ ಮತದಾರರ ಗುರುತಿನ ಚೀಟಿ ಮನೆಗೆ ಬಂದು ಕೆಲವು ದಿನಗಳಾದವು. ಅದರಲ್ಲಿರುವ ಹೆಂಗಸು ಯಾರೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಮೊಮ್ಮಗಳು, “ಇದು ಅಜ್ಜಿ ಅಲ್ಲ, ಅಜ್ಜಿ ಮೇಲೆ ಸಿಟ್ಟು ಮಾಡಿಕೊಂಡ ಬೇರೆ ಯಾರೋ” ಎನ್ನುತ್ತಾಳೆ. ನನಗೆ ಕಂಡಂತೆ ಅದು ಎಂದೋ ತೀರಿಹೋದ ನನ್ನ ಸೋದರತ್ತೆ. ಹೆಂಡತಿಯನ್ನೇ ಕೇಳಿದರೆ, “ಫೋಟೋ ತೆಗೆಯೋ ಹುಡುಗ ನಗಬೇಡಿ ಅಂದ. ಅದಕ್ಕೆ ನಾನು ಎಂತ ಮಾಡ್ಲಿ?” ಎಂದು ಹೊಣೆಯನ್ನು ಸರ್ಕಾರದ ಮೇಲೆ ಹಾಕಿ ಒಳಗೆ ಹೋದಳು.

ಚೀಟಿ ಕೊಡಲು ಬಂದಿದ್ದ ನೌಕರ ಅದನ್ನು ನನ್ನ ಮುಖದ ಮುಂದೆ ಹಿಡಿದು, “ಇವರು ನಿಮ್ಮ ಮನೆಯವರೇ ತಾನೇ ಸಾರ್? ಹೌದು ಅಂತ ಒಂದು ಮಾತು ಹೇಳಿಬಿಡಿ, ಸಾಕು” ಎಂದ. ನಾನು, “ಅವರನ್ನೇ ಕೇಳಿ” ಎಂದೆ. ಅವನು ನನ್ನನ್ನು ಅನುಮಾನದಿಂದ ನೋಡಿದ. ಹೆಂಡತಿಯನ್ನು ಹೆಂಡತಿ ಎಂದು ಹೇಳಲು ಹಿಂಜರಿಯುವ ಮುದುಕನನ್ನು ಯಾರಾದರೂ ಅನುಮಾನಿಸಬೇಕಾದ್ದೇ. ಆದರೆ ಸ್ವಾಮಿ, ಚಿತ್ರದಲ್ಲಿರುವ ಹೆಂಗಸರ ಗುರುತು ಹೇಳುವ ಕೆಲಸವನ್ನು ನಾನು ಒಮ್ಮೆ ಮಾಡಿದ್ದೇನೆ. ಸಾರ್ವಜನಿಕವಾಗಿ, ಮೆಟ್ಟಿಲ ಮೇಲೆ ನಿಂತು, ಗಂಟಲೆತ್ತಿ ಮಾಡಿದ್ದೇನೆ. ಒಂದು ಜನ್ಮಕ್ಕೆ ಅಷ್ಟು ಸಾಕು.

ಇದು ನಯಾಪೈಸೆ ಬಂದ ಹೊಸತರ ಮಾತು. ನಾನಾಗ ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಜಮೀನುಗಳ ಗುರುತು ನನ್ನ ವಿಭಾಗ. ನಿಮಗೆ ಗೊತ್ತಿರಬಹುದು, ಕಾಗದದ ಮೇಲೆ ಹೊಲವನ್ನು ಗುರುತಿಸಲು ಹೊಲವನ್ನು ನೋಡಬೇಕಾಗಿಲ್ಲ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿದಾರಿ, ಉತ್ತರಕ್ಕೆ ಇಂಥವರ ಗದ್ದೆ, ದಕ್ಷಿಣಕ್ಕೆ ಸರ್ಕಾರಿ ಬೀಳು ಎಂದು ಚಕ್ಕುಬಂದಿ ಹೇಳಿದರೆ ನಡುವೆ ಉಳಿದದ್ದೇ ಹೊಲ. ಅದರಲ್ಲಿ ಭತ್ತವಿದೆಯೋ ಮುಳ್ಳಿದೆಯೋ ಯಾರಿಗೆ ಬೇಕು? ಮನೆಯಲ್ಲಿ ಹೆಂಡತಿಯನ್ನೂ ನಾನು ಇದೇ ಕ್ರಮದಲ್ಲಿ ಗುರುತಿಸುತ್ತಿದ್ದೆ. ಮುಂದೆ ನನ್ನ ಊಟದ ಎಲೆ, ಹಿಂದೆ ಒಲೆ, ಎಡಕ್ಕೆ ನನ್ನ ಅಮ್ಮ, ಬಲಕ್ಕೆ ನೀರಿನ ಹಂಡೆ. ನಡುವೆ ತಲೆತುಂಬ ಸೆರಗು ಹೊದ್ದು ಬಗ್ಗಿ ನಿಂತದ್ದು ಹೆಂಡತಿ. ಹೆಸರು ಸೀತಾಬಾಯಿ. ಆ ಹೆಸರನ್ನು ಇಟ್ಟವನೂ ನಾನೇ. ನಮ್ಮ ಕಡೆ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ವರನ ಕೈಗೆ ಉಂಗುರ ಕೊಟ್ಟು, ಹೊಸ ಹೆಸರನ್ನು ಅಕ್ಕಿಯ ಮೇಲೆ ಬರೆಸುತ್ತಾರೆ. ಹಿರಿಯರು ಕಿವಿಯಲ್ಲಿ ಹೇಳಿದ್ದನ್ನು ನಾನು ಬರೆದೆ. ಹಳೆಯ ಹೆಸರು ಲಗ್ನಪತ್ರಿಕೆಯಲ್ಲಿತ್ತಂತೆ. ಆದರೆ ಲಗ್ನಪತ್ರಿಕೆ ಓದುವುದು ಊಟಕ್ಕೆ ಬರುವವರು. ಮದುವೆಯಾಗುವವನಿಗೆ ಆ ಹೊತ್ತಿನಲ್ಲಿ ಓದುವ ಶಕ್ತಿ ಇರುವುದಿಲ್ಲ.

ಇನ್ನು ನಮ್ಮೂರಿನ ಸ್ವಭಾವ. ಶಿಕಾರಿಪುರದವರು ಕೆಟ್ಟವರಲ್ಲ, ಅನುಮಾನದವರು. ಹೊಸ ಪೈಸೆಯನ್ನು ಹಲ್ಲಿನಲ್ಲಿ ಕಚ್ಚಿ ನೋಡಿದವರು. ಮೈಲಿಬೇನೆಗೆ ಸೂಜಿ ಚುಚ್ಚಲು ಬಂದವನನ್ನು ಜಾತಕ ಕೇಳಿದವರು. ಒಬ್ಬರಿಗೊಬ್ಬರು ‘ಎಲ್ಲಿಗೆ ಹೊರಟಿರಿ?’ ಎಂದು ಕೇಳಿದರೆ ಉತ್ತರ ಸಿಗುತ್ತಿತ್ತೇ ಹೊರತು ನಂಬಿಕೆ ಸಿಗುತ್ತಿರಲಿಲ್ಲ. ಅಂಥ ಊರಿಗೆ ಹೆಣ್ಣುಮಕ್ಕಳ ಶಾಲೆಯ ಡ್ರಾಯಿಂಗ್ ಅಕ್ಕೋರು ಬಂದರು.

ಅಕ್ಕೋರು ಎಂದರೆ ನಮ್ಮಲ್ಲಿ ಪಾಠ ಹೇಳುವ ಹೆಂಗಸು. ಅವರಿಗೆ ಬೇರೆ ಹೆಸರು ಇರಬಹುದೆಂದು ಊರಿಗೆ ತೋಚಲಿಲ್ಲ. ಮೂವತ್ತರ ಆಸುಪಾಸು, ಒಂಟಿ, ಕೈಯಲ್ಲಿ ಸದಾ ಒಂದು ಗಂಡಸರ ಛತ್ರಿ. ಆ ಛತ್ರಿಯ ಗಂಡಸು ಯಾರೆಂಬ ಪ್ರಶ್ನೆಗೆ ಊರು ಒಂದು ಮಳೆಗಾಲವನ್ನೇ ವಿನಿಯೋಗಿಸಿತು. ತೀರಿಹೋದ ತಂದೆಯದು ಎಂದು ಅವರು ಹೇಳಿದಾಗ, ಅಷ್ಟು ಸರಳ ಉತ್ತರವನ್ನು ನಂಬುವುದು ಹೇಗೆಂದು ಇನ್ನೊಂದು ಮಳೆಗಾಲ ಕಳೆಯಿತು.

ಅಕ್ಕೋರು ಶನಿವಾರ ಮಧ್ಯಾಹ್ನ ಗೃಹಿಣಿಯರಿಗೆ ಕಸೂತಿ ತರಗತಿ ತೆರೆದರು. ನನ್ನ ಹೆಂಡತಿಯೂ ಹೋಗತೊಡಗಿದಳು. ದಿಂಬಿನ ಚೀಲದ ಮೇಲೆ ಗಿಳಿ ತೆಗೆಯುವುದು ಎಂದಳು. ಅಮ್ಮ ಒಪ್ಪಿದಳು; ಗಿಳಿಯ ಬಗ್ಗೆ ಆಕ್ಷೇಪಿಸಲು ಏನಿದೆ? ಆದರೆ ಒಂದು ವರ್ಷವಾದರೂ ಗಿಳಿಗೆ ಕೊಕ್ಕು ಬರಲಿಲ್ಲ. ಹಸಿರು ಮೈ ಇತ್ತು, ಒಂದು ಕಣ್ಣಿತ್ತು, ಮುಖದ ಮುಂದೆ ಖಾಲಿ ಬಟ್ಟೆ. ಬೀದಿಯ ಬೇರೆ ಮನೆಗಳಲ್ಲೂ ವಿಚಾರಿಸಿದೆ. ಒಬ್ಬರ ಮನೆಯಲ್ಲಿ ಬಾಲವಿಲ್ಲದ ನವಿಲು, ಇನ್ನೊಬ್ಬರ ಮನೆಯಲ್ಲಿ ಮೂರು ಕಾಲಿನ ಆನೆ. ಶನಿವಾರಗಳು ಎಲ್ಲಿ ಹೋಗುತ್ತಿವೆ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ಬಂದಿತ್ತು ಕೂಡ. ಆದರೆ ನಾನು ಅನುಮಾನಿಸಿದ್ದು ದಾರದ ಅಂಗಡಿಯವನನ್ನು.

ಆಮೇಲೆ ಒಂದು ದಿನ ಶಾಲೆಯ ಗೇಟಿಗೆ ಒಂದು ಹಲಗೆ ಬಿತ್ತು. ‘ನಾನು ಯಾರು? ಏಕವ್ಯಕ್ತಿ ಚಿತ್ರಪ್ರದರ್ಶನ. ಬರುವ ಭಾನುವಾರ.’

ತಲೆಬರಹ ನೋಡಿ ಊರಿನ ಮುದುಕರು ವೇದಾಂತ ಪ್ರವಚನವೆಂದು ಶಾಲು ಒಗೆಯಲು ಹಾಕಿದರು. ಉಳಿದವರು ‘ಏಕವ್ಯಕ್ತಿ’ ಎಂಬಲ್ಲಿ ನಿಂತರು. ಒಬ್ಬ ಹೆಂಗಸು ಒಬ್ಬಳೇ ಇಷ್ಟು ಮಾಡುತ್ತಾಳೆಂದರೆ ಹಿಂದೆ ಯಾರೋ ಇರಲೇಬೇಕು. ಅಷ್ಟರಲ್ಲಿ ಶಾಲೆಯ ಜವಾನ, ಬಟ್ಟೆ ಮುಚ್ಚಿದ ಚೌಕಟ್ಟುಗಳೊಳಗೆ ಇಣುಕಿ ನೋಡಿದವನು, ಸಂತೆಯಲ್ಲಿ ಹೇಳಿಬಿಟ್ಟ: “ಎಲ್ಲಾ ಹೆಂಗಸರ ಮುಖ ಅದಾವ್ರೀ. ಇಷ್ಟಿಷ್ಟು ದೊಡ್ಡವು.”

ಹೆಂಗಸರು ಎಂದರೆ ಯಾರ ಮನೆಯ ಹೆಂಗಸರು?

ಪ್ರಶ್ನೆ ಎತ್ತಿದವರು ಕೊಟ್ರಬಸಪ್ಪನವರು. ಬಟ್ಟೆ ವ್ಯಾಪಾರಿ, ಶಾಲೆಯ ಸಮಿತಿಯ ಅಧ್ಯಕ್ಷರು, ಗಂಭೀರ ಮನುಷ್ಯ. ಅವರು ನಕ್ಕರೆ ಅರಿವೆಯ ದರ ಇಳಿದೀತೆಂಬ ಭಯ ಅವರಿಗಿತ್ತು. ಶನಿವಾರ ಸಂಜೆ ಅಂಗಡಿಯ ಗಾದಿಯ ಮೇಲೆ ಕುಳಿತು ತೀರ್ಪು ಹೇಳಿದರು: “ನೋಡ್ರೀ, ಕಲಾ ಗಿಲಾ ನಮಗ ಬ್ಯಾಡ ಅಂತಲ್ಲ. ಆದ್ರ ಈ ಊರಿನ ಗೃಹಸ್ಥರ ಮನಿ ಹೆಣ್ಮಗಳು ಒಬ್ಬಾಕಿ ಗ್ವಾಡಿ ಮ್ಯಾಲೆ ಕಂಡ್ರೂ, ಅಕ್ಕೋರು ಸಂಜಿ ಬಸ್ಸಿಗೆ ಪೆಟ್ಟಿಗಿ ಕಟ್ಟಬೇಕು. ಹೊರಗಿನವರಾದ್ರ ನಮ್ಮದೇನೂ ತಕರಾರಿಲ್ಲ.”

ಅಕ್ಕೋರಿಗೆ ಈ ಕೆಲಸ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಛತ್ರಿಯ ಯಜಮಾನರಂತೂ ಮೊದಲೇ ಹೋಗಿದ್ದರು.

ಗುರುತು ಪತ್ತೆಗೆ ಮೂವರು ಪಂಚರ ನೇಮಕವಾಯಿತು: ಕೊಟ್ರಬಸಪ್ಪನವರು, ಊರಿನ ಮುದಿ ಶಾನುಭೋಗರು, ಮತ್ತು ನಾನು. “ರಾಯರು ಹೊಲದಾಗಿನ ಕಲ್ಲೇ ಗುರುತು ಹಿಡೀತಾರ, ಹೆಂಗಸರು ಯಾವ ಲೆಕ್ಕ?” ಎಂದರು ಯಾರೋ. ನಾನು ವಿನಯದಿಂದ ತಲೆ ಬಗ್ಗಿಸಿದೆ. ಆ ವಿನಯವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಭಾನುವಾರ ಬೆಳಿಗ್ಗೆ ಹೋದೆವು. ಗೇಟಿನ ಹೊರಗೆ ಊರೇ ನೆರೆದಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹೆಂಗಸರ ಗುಂಪಿನಲ್ಲಿ ನಮ್ಮ ಮನೆಯವಳೂ ಅಮ್ಮನ ಬೆನ್ನಿಗೆ ನಿಂತಿದ್ದಳು. ಮುಂದೆ ಅಮ್ಮ, ಹಿಂದೆ ಬೇಲಿ. ಹಾಗಾಗಿ ಗುರುತು ಸಿಕ್ಕಿತು.

ಒಳಗೆ ಅಕ್ಕೋರು ಒಬ್ಬರೇ ಇದ್ದರು. ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದು, “ನೋಡಿ” ಎಂದರು. ಅಷ್ಟೇ.

ನೋಡಿದೆವು. ಗೋಡೆಯ ತುಂಬ ಹೆಂಗಸರು. ಆದರೆ ಎಂಥ ಹೆಂಗಸರು! ಒಬ್ಬಳು ಮರದ ಕೊಂಬೆಯ ಮೇಲೆ. ಒಬ್ಬಳು ಕೆರೆಗೆ ಕಲ್ಲೆಸೆಯುತ್ತಿದ್ದಾಳೆ. ಒಬ್ಬಳು ಮಟಮಟ ಮಧ್ಯಾಹ್ನ ಕಾಲು ಚಾಚಿ ನಿದ್ದೆ ಮಾಡುತ್ತಿದ್ದಾಳೆ, ಯಾರೂ ಏನೂ ಅನ್ನುವವರಿಲ್ಲವೆಂಬಂತೆ. ಒಂದು ತಲೆಯ ಮೇಲೂ ಸೆರಗಿಲ್ಲ. ಪ್ರತಿ ಚಿತ್ರದ ಕೆಳಗೂ ಒಂದೊಂದು ಹೆಸರು: ಗಂಗು, ಪುಟ್ಟಿ, ಮಲ್ಲಿ, ಚಂದ್ರಿ. ಯಾರ ಮಗಳು, ಯಾರ ಸೊಸೆ, ಯಾವ ಊರು, ಏನೂ ಇಲ್ಲ. ಚಕ್ಕುಬಂದಿಯೇ ಇಲ್ಲದ ಹೆಸರುಗಳು. ನನಗೆ ಅಲ್ಲಿಯೇ ಒಂದು ರೀತಿಯ ಇಲಾಖಾ ಅಸಮಾಧಾನ ಉಂಟಾಯಿತು.

ಕೊಟ್ರಬಸಪ್ಪನವರು ‘ಮಲ್ಲಿ’ಯ ಮುಂದೆ ಬಹಳ ಹೊತ್ತು ನಿಂತರು. ಮಲ್ಲಿ ಸೊಂಟದ ಮೇಲೆ ಕೈಯಿಟ್ಟು, ಬಾಯಿ ಅಗಲಿಸಿ ಒಂದು ಎಮ್ಮೆಯನ್ನು ಬೈಯುತ್ತಿದ್ದಳು. ಎಮ್ಮೆಯ ಮುಖದಲ್ಲಿ ಪಶ್ಚಾತ್ತಾಪವಿತ್ತು.

“ಯಾರೋ ಭಾರೀ ಗಟ್ಟಿ ಹೆಂಗಸ್ರೀ” ಎಂದರು ಕೊಟ್ರಬಸಪ್ಪನವರು, ಸ್ವಲ್ಪ ಮೆಚ್ಚುಗೆಯಿಂದಲೇ. “ಇಂಥಾಕಿ ನಮ್ಮೂರಾಗ ಇದ್ದಿದ್ರ ನಮಗ ಗೊತ್ತಾಗತಿದ್ದಿಲ್ಲೇನು? ನಮ್ಮ ಶಿವಲಿಂಗಮ್ಮ ನೋಡ್ರಿ, ಮದುವಿಯಾಗಿ ಇಷ್ಟು ವರ್ಷಾತು, ಒಂದಿನ ದನಿ ಎತ್ತಿದಾಕಿ ಅಲ್ಲ.”

ನಾನು ‘ತುಂಗಾ’ ಎಂಬ ಚಿತ್ರದ ಮುಂದೆ ನಿಂತೆ. ಒಬ್ಬ ಹೆಂಗಸು ಮಣ್ಣಿನ ಗೋಡೆಯೊಂದರ ಮೇಲೆ ಗಂಡಸಿನಂತೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕುಳಿತಿದ್ದಾಳೆ. ಕೈಯಲ್ಲಿ ಉಪ್ಪು ಸವರಿದ ಮಾವಿನ ಹೋಳು. ಹುಳಿಗೆ ಒಂದು ಕಣ್ಣು ಮುಚ್ಚಿದೆ. ಬಾಯಿ ತುಂಬ ನಗು; ಎಡಗಡೆ ಒಂದು ಕೋರೆಹಲ್ಲು ಸಾಲು ಬಿಟ್ಟು ಮುಂದೆ ಬಂದಿದೆ. ಹೆಸರು ಎಲ್ಲೋ ಕೇಳಿದಂತಿತ್ತು. ಆದರೆ ನಮ್ಮ ಜಿಲ್ಲೆಯಲ್ಲಿ ತುಂಗಾ ಎಂಬುದನ್ನು ಕೇಳದವರು ಯಾರು? ಹೊಳೆಯೇ ಹರಿಯುತ್ತದೆ.

“ರಾಯರೇ, ಇವಳು?” ಎಂದರು ಅಕ್ಕೋರು. ದನಿ ಸಣ್ಣದಾಗಿತ್ತು.

“ಘಟ್ಟದ ಕೆಳಗಿನವಳಿರಬೇಕು” ಎಂದೆ. “ನಮ್ಮ ಕಡೆ ಗೃಹಸ್ಥರ ಮನೆ ಹೆಂಗಸರು ಹೀಗೆ ಹಲ್ಲು ಕಾಣುವಂತೆ ನಗುವುದಿಲ್ಲ.”

“ಖಾತ್ರಿಯೇ?”

“ಖಾತ್ರಿ.”

ಶಾನುಭೋಗರು ಕನ್ನಡಕ ಒರೆಸಿ ಎಲ್ಲ ಚಿತ್ರಗಳನ್ನೂ ನೋಡಿ, “ನನಗೂ ಯಾರೂ ಗೊತ್ತಾಗಲೊಲ್ಲರು” ಎಂದರು. ಅವರು ವಿಧುರರು, ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ. ಮೂವರಲ್ಲಿ ಸತ್ಯ ನುಡಿದವರು ಅವರೊಬ್ಬರೇ ಎಂಬುದು ಆಮೇಲೆ ತಿಳಿಯಿತು. ಕೊನೆಯ ಚೌಕಟ್ಟಿನಲ್ಲಿ ಮುಖವೇ ಇರಲಿಲ್ಲ. ಖಾಲಿ ಕುರ್ಚಿ, ಅದಕ್ಕೆ ಒರಗಿಸಿದ ಛತ್ರಿ. ಕೆಳಗೆ ‘ಅಕ್ಕೋರು’ ಎಂದು ಬರೆದಿತ್ತು. “ಹಾಂ, ಇದು ಗೊತ್ತಾತು!” ಎಂದು ಮೂವರೂ ಒಟ್ಟಿಗೇ ಹೇಳಿದೆವು. ಇಡೀ ಪ್ರದರ್ಶನದಲ್ಲಿ ನಾವು ನಿಸ್ಸಂಶಯವಾಗಿ ಗುರುತಿಸಿದ್ದು ಒಂದು ಛತ್ರಿಯನ್ನು.

“ಹಾಗಾದ್ರೆ ಒಂದು ಉಪಕಾರ ಮಾಡಿ ರಾಯರೇ,” ಎಂದರು ಅಕ್ಕೋರು. “ಹೊರಗೆ ಜನ ಕಾಯ್ತಾ ಇದ್ದಾರೆ. ಅವರಿಗೂ ಹೇಳಿಬಿಡಿ.”

ನಾನು ಮೆಟ್ಟಿಲ ಮೇಲೆ ನಿಂತು, ಪಂಚರ ಪರವಾಗಿ, ಜಮಾಬಂದಿಯಲ್ಲಿ ಕಂದಾಯದ ಲೆಕ್ಕ ಓದುವ ದನಿಯಲ್ಲಿ ಸಾರಿದೆ: “ಮಹಾಜನರೇ, ಎಲ್ಲ ಚಿತ್ರಗಳನ್ನೂ ಸಮಕ್ಷಮ ಪರಿಶೀಲಿಸಿದ್ದೇವೆ. ಮಲ್ಲಿ, ಗಂಗು, ತುಂಗಾ ಮುಂತಾದ ಈ ಹೆಸರಿನ, ಈ ಚಹರೆಯ ಯಾವ ಹೆಂಗಸೂ ಶಿಕಾರಿಪುರದಲ್ಲಿ ಇರುವುದಿಲ್ಲ!”

ಹೆಂಗಸರ ಗುಂಪಿನಲ್ಲಿ ಒಮ್ಮೆಲೇ ಕೆಮ್ಮು ಹತ್ತಿತು. ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡರು. ಧೂಳಿನ ಊರು ಎಂದುಕೊಂಡೆ. ಒಳಗೆ ತಿರುಗಿ ನೋಡಿದರೆ ಅಕ್ಕೋರು ಗೋಡೆ ಹಿಡಿದುಕೊಂಡು ಕುಳಿತುಬಿಟ್ಟಿದ್ದರು. ಪಾಪ, ನಿತ್ರಾಣ ಎಂದುಕೊಂಡೆ. ಆ ದಿನ ನಾನು ಬಹಳ ಅಂದುಕೊಂಡೆ.

ಮುಂದಿನ ತಿಂಗಳು ಹೆಂಡತಿ ತಮ್ಮನ ಮಗುವಿನ ತೊಟ್ಟಿಲಿಗೆಂದು ತವರಾದ ಸೊರಬಕ್ಕೆ ಹೋದಳು. ಕರೆತರಲು ನಾನು ಹೋದೆ. ಬಸ್ಸಿಳಿಯುತ್ತಿದ್ದಂತೆ ಅವಳ ತಮ್ಮ ರಾಘು, ಪೇಟೆಯಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟವನು, ಓಡಿ ಬಂದು ನನ್ನ ಚೀಲ ಕಿತ್ತುಕೊಂಡ.

“ಬಂದ್ರಾ ಭಾವ! ಮನೆಗೆ ಆಮೇಲೆ ಹೋಗೋಣ. ಮೊದಲು ಶಾಲೆಗೆ ಬನ್ನಿ, ಒಂದು ವಸ್ತು ತೋರಿಸ್ಬೇಕು.”

“ಎಂಥದು?”

“ಬನ್ನಿ ಅಂದೆನಲ್ಲ ಮಾರಾಯ್ರೇ!”

ಶಾಲೆಯ ಜಗಲಿಯಲ್ಲಿ ಅದೇ ಚಿತ್ರಗಳು. ಸೊರಬದ ಅಕ್ಕೋರೊಬ್ಬರು ಕರೆಸಿಕೊಂಡಿದ್ದರಂತೆ. ನನಗೆ ಒಬ್ಬ ಅಧಿಕೃತ ಪರೀಕ್ಷಕನ ಠೀವಿ ಬಂತು. “ಇವನ್ನು ನಾನು ಮೊದಲೇ ನೋಡಿದ್ದೇನೆ ರಾಘು” ಎಂದೆ.

“ನೋಡದೆ ಇರ್ತೀರಾ? ನಿಮಗೆ ತೋರಿಸದೆ ಬರೆಸ್ಕೊಂಡಾಳಾ?” ಎನ್ನುತ್ತ ಅವನು ಗೋಡೆಯ ಮೇಲೆ ಕುಳಿತ ಹೆಂಗಸಿನ ಮುಂದೆ ನನ್ನನ್ನು ನಿಲ್ಲಿಸಿದ. “ನೋಡಿ, ನಮ್ಮ ತುಂಗಕ್ಕ! ಆ ಗೋಡೆ ನಮ್ಮ ಹಿತ್ತಲಿಂದೇ. ಆ ಹಲ್ಲು ನೋಡಿ ಭಾವ, ಆ ಹಲ್ಲು! ಚಿಕ್ಕೋಳಿದ್ದಾಗ ಅದಕ್ಕೇ ನಾನು ಹಂದಿಹಲ್ಲು ಅಂತ ಅಣಕಿಸಿ ಏಟು ತಿಂತಿದ್ದೆ.”

ನಾನು ಹಲ್ಲು ನೋಡಿದೆ. ನನ್ನ ಹೆಂಡತಿಗೆ ಎಡಗಡೆ ಒಂದು ಕೋರೆಹಲ್ಲು ಇರುವ ಸಂಗತಿ, ಮದುವೆಯಾಗಿ ಎಂಟು ವರ್ಷ ಕಳೆದ ಮೇಲೆ, ಸೊರಬದ ಶಾಲೆಯ ಜಗಲಿಯಲ್ಲಿ, ಸೈಕಲ್ ಅಂಗಡಿಯವನಿಂದ ನನಗೆ ತಿಳಿಯಿತು. ಮಾವನ ಮನೆಯಲ್ಲಿ ಅವಳನ್ನು ಎಲ್ಲರೂ ಅಕ್ಕ, ಮಗಾ ಎನ್ನುತ್ತಿದ್ದರು. ಅಳಿಯನಾದ ನನ್ನನ್ನು ಜಗಲಿಯಲ್ಲಿ ಮಣೆ ಹಾಕಿ ಕೂರಿಸಿ, ಒಳಗಿನ ಜಗತ್ತಿನಿಂದ ಗೌರವಪೂರ್ವಕವಾಗಿ ದೂರ ಇಟ್ಟಿದ್ದರು.

ಅಷ್ಟರಲ್ಲಿ ಪಕ್ಕದಲ್ಲಿ ದೊಡ್ಡ ನಗು. ಚಂದ್ರಗುತ್ತಿಯ ಕಡೆಯ ಒಬ್ಬ ರೈತ ಎಮ್ಮೆಯ ಚಿತ್ರದ ಮುಂದೆ ತೊಡೆ ತಟ್ಟುತ್ತಿದ್ದ. “ಎಲಾ ಇವ್ಳ! ನಮ್ಮ ಮಲ್ಲಕ್ಕ ಅಲ್ವನಾ! ಎಮ್ಮೆ ಬೈಯೋದು ಹಿಂಗೇ ಸೈ! ಶಿಕಾರಿಪುರದ ಬಟ್ಟೆ ಅಂಗ್ಡಿ ಮನೆಗೆ ಕೊಟ್ಟೀವಿ. ನಾಳೆ ಹೋಗಿ ಭಾವಂಗೆ ಹೇಳ್ಬೇಕು, ಖುಷಿಯಾಗ್ತಾರೆ!”

ಬಟ್ಟೆ ಅಂಗಡಿ ಎಂದರೆ ಕೊಟ್ರಬಸಪ್ಪನವರದು. ತಿರುಗಿದರೆ ಕಂಬದ ಬಳಿ ಅಕ್ಕೋರು. ಅವರೂ ಕೇಳಿಸಿಕೊಂಡಿದ್ದರು.

“ನೀವು ಹೀಗೆ ಮಾಡಬಾರದಿತ್ತು” ಎಂದೆ.

“ನಾನು ಏನೂ ಮಾಡಲಿಲ್ಲ ರಾಯರೇ. ಕಸೂತಿ ಕಲಿಯಲಿಕ್ಕೆ ಬಂದವರನ್ನ ನೀವು ಯಾರು ಅಂತ ಕೇಳಿದೆ. ಎಲ್ಲರೂ ಇಂಥವರ ಮನೆಯವರು ಅಂದರು. ಇಂಥವರು ಅಂದರೆ ಯಾರು ಅಂದರೆ ಗಂಡನ ಹೆಸರು ಹೇಳೋ ಹಾಗಿಲ್ಲ. ತಮ್ಮ ಹೆಸರು ಹೇಳಲಿಕ್ಕೆ ಅರ್ಧ ಜನ ತಡವರಿಸಿದರು, ಹೊಸದೋ ಹಳೆಯದೋ ಅಂತ. ಕಡೆಗೆ ತವರಲ್ಲಿ ಏನು ಮಾಡ್ತಿದ್ದಿರಿ ಅಂತ ಕೇಳಿದೆ ನೋಡಿ, ಆಮೇಲೆ ಯಾರೂ ಸೂಜಿ ಮುಟ್ಟಲಿಲ್ಲ. ಹೇಳಿದ್ದೇ ಹೇಳಿದ್ದು, ನಕ್ಕಿದ್ದೇ ನಕ್ಕಿದ್ದು. ನಾನು ಬರೆದೆ.”

ಗಿಳಿಗೆ ಕೊಕ್ಕು ಬಾರದ ಕಾರಣ ತಿಳಿಯಿತು.

“ಈಗ ಏನು ಮಾಡ್ತೀರಿ?” ಎಂದರು. ಛತ್ರಿಯನ್ನು ಕಂಬಕ್ಕೆ ಒರಗಿಸಿದರು. “ಹೇಳ್ತೀರಾದರೆ ಮೊದಲೇ ತಿಳಿಸಿ. ಪೆಟ್ಟಿಗೆ ಕಟ್ಟಬೇಕು.”

ನನ್ನ ಉತ್ತರವನ್ನು ಔದಾರ್ಯವೆಂದು ನೀವು ತಿಳಿಯಬಾರದು. ಹೆಂಡತಿಯ ಮುಖ ಗುರುತಿಸದವನೆಂದು ಕಚೇರಿಯಲ್ಲಿ ಹೆಸರಾಗುವುದಕ್ಕಿಂತ ಅಕ್ಕೋರನ್ನು ಉಳಿಸುವುದು ಸುಲಭವಾಗಿ ಕಂಡಿರಬೇಕು. ನನ್ನ ಸದ್ಗುಣಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. “ಸರ್ವೆ ಮುಗಿದ ಮೇಲೆ ಕಲ್ಲು ಕದಲಿಸುವಂತಿಲ್ಲ ಅಕ್ಕೋರೇ” ಎಂದೆ. “ಪಂಚರು ಹೇಳಿದ್ದು ಹೇಳಿದ್ದೇ.”

ಆಮೇಲೆ ಚಂದ್ರಗುತ್ತಿಯವನನ್ನು ಹಿಡಿದು, ಕಾಫಿ ಕುಡಿಸಿ, ಅವನ ಭಾವನಿಗೆ ಎಮ್ಮೆಯ ವಿಷಯ ಈಗ ಹೇಳುವುದು ಸರಿಯಲ್ಲ, ವ್ಯಾಪಾರದ ಯೋಚನೆಯಲ್ಲಿದ್ದಾರೆ ಎಂದು ಬುದ್ಧಿ ಹೇಳಿದೆ. ಅವನು ತಲೆಯಾಡಿಸಿದ. ನಂಬಿದನೋ ಇಲ್ಲವೋ ಕಾಣೆ. ಕೆಲವು ವಾರಗಳ ಮೇಲೆ ಕೊಟ್ರಬಸಪ್ಪನವರು ನನ್ನನ್ನು ಅಂಗಡಿಗೆ ಕರೆದು, ಸುತ್ತ ನೋಡಿ, ದನಿ ತಗ್ಗಿಸಿ, “ರಾಯರ, ಆ ಚಿತ್ರದ ಬಗ್ಗೆ ನಿಮಗೇನರ ಹೊಸಾದು ಗೊತ್ತಾತೇನ್ರೀ?” ಎಂದರು.

“ಏನೂ ಇಲ್ಲ. ನಿಮಗೆ?”

“ನನಗೂ ಏನೂ ಇಲ್ಲ.”

ಹಿಂದಿನ ಬಾಗಿಲಾಚೆ ಯಾರೋ ಎಮ್ಮೆಯನ್ನು ಎತ್ತರದ ದನಿಯಲ್ಲಿ ಬೈದರು. ಕೊಟ್ರಬಸಪ್ಪನವರು ಏನೂ ಕೇಳಿಸದವರಂತೆ ಎಲೆಗೆ ಸುಣ್ಣ ಹಚ್ಚಿದರು. ಅಕ್ಕೋರು ಆ ಶಾಲೆಯಲ್ಲಿಯೇ ಉಳಿದರು.

ಇದು ಆಮೇಲಿನ ಮಾತು. ಆ ದಿನ ಸೊರಬದಿಂದ ಹೆಂಡತಿಯನ್ನು ಕರೆದುಕೊಂಡು ಹೊರಟೆ. ಆಗಿನ ಬಸ್ಸುಗಳಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಅವಳು ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಮುದುಕಿಯ ಪಕ್ಕದಲ್ಲಿ ಕುಳಿತಳು. ಶಿರಾಳಕೊಪ್ಪದವರೆಗೂ ನಾನು ಅವಳ ಬೆನ್ನು ನೋಡಿದೆ. ಎಡಕ್ಕೆ ಮುದುಕಿ, ಬಲಕ್ಕೆ ಕಿಟಕಿ, ಹಿಂದೆ ನಾನು, ಮುಂದೆ ಡ್ರೈವರು. ಚಕ್ಕುಬಂದಿ ಸರಿಯಾಗಿತ್ತು. ಆದರೂ ನಡುವೆ ಕುಳಿತವರು ಯಾರೆಂದು ಖಾತ್ರಿಯಿಂದ ಹೇಳುವ ಧೈರ್ಯ ಬರಲಿಲ್ಲ.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಿತು. ಡ್ರೈವರು ಎಂಜಿನ್ ಆರಿಸಿ ಚಹಾಕ್ಕೆ ಇಳಿದ. ನಾನು ಗಂಟಲು ಸರಿಮಾಡಿಕೊಂಡು, ಯಾರಿಗೂ ಕೇಳಿಸದಂತೆ, “ತುಂಗಾ” ಎಂದೆ.

ಅವಳು ತಿರುಗಲಿಲ್ಲ.

“ತುಂಗಾ” ಎಂದೆ, ಸ್ವಲ್ಪ ಗಟ್ಟಿಯಾಗಿ.

ತಿರುಗಿದ್ದು ಮುದುಕಿ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರನ್ನವ್ವ ಇವರು ಕರಿಯೋದು?” ಎಂದು ಅವಳನ್ನೇ ಕೇಳಿದಳು.

ನನ್ನ ಹೆಂಡತಿ ಕಿಟಕಿಯ ಕಡೆ ಮುಖವಿಟ್ಟುಕೊಂಡೇ ಹೇಳಿದಳು: “ಯಾರನ್ನೋ ಹುಡುಕ್ತಾ ಇದ್ದಾರೆ ಅಜ್ಜಿ. ಆದ್ರೆ ಆ ಹೆಸರಿನ, ಆ ಚಹರೆಯ ಹೆಂಗಸು ಶಿಕಾರಿಪುರದಲ್ಲಿ ಯಾರೂ ಇಲ್ಲವಂತೆ. ದೊಡ್ಡವರು ಮೆಟ್ಟಿಲ ಮೇಲೆ ನಿಂತು ಸಾರಿದ್ದಾರೆ.”

ಆಮೇಲೆ ಅವಳ ಭುಜಗಳು ಕುಲುಕತೊಡಗಿದವು. ಬಸ್ಸು ನಿಂತೇ ಇತ್ತು. ಆದ್ದರಿಂದ ರಸ್ತೆಯನ್ನು ದೂರುವಂತೆಯೂ ಇರಲಿಲ್ಲ.